ಕಂಬಿ ಇಲ್ಲದ ಗೋಡೆ

ನಿಮ್ಮದೇ ಮನೆ, ಮಹಡಿಯ ಅಭ್ಯಾಸದ ಕೋಣೆ
ಮಂಗಳವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಅತ್ತೆಯವರಿಗೆ,

ಸಿಟ್ಟಿನಲ್ಲಿದ್ದೇನೆ, ಆದರೂ ನಮಸ್ಕಾರ. ನಮಸ್ಕಾರಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎಂದು ಕಲಿಸಿದವರು ನೀವೇ; ಎಷ್ಟೇ ಬೈಸಿಕೊಂಡಿದ್ದರೂ ಬಾಗಿ ವಂದಿಸದೆ ನಿಮ್ಮ ಬ್ಯಾಲೆ ಕ್ಲಾಸಿನಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ.

ಮೊದಲು ಮೊಣಕಾಲಿನ ವಿಷಯ. ಹೊಲಿಗೆ ಬಿಚ್ಚಿದರೇ? ಊತ ಇಳಿಯಿತೇ? ವಾಕರ್ ಹಿಡಿದು ಊಟದ ಕೋಣೆಯವರೆಗೆ ಬರುತ್ತೀರಿ ಎಂದು ನಾದಿನಿ ಹೇಳಿದಳು. ಫಿಸಿಯೋಥೆರಪಿಯ ಹುಡುಗಿ "ಒಂದು ಕೈ ಬಿಡಿ ಆಂಟಿ" ಅಂದರೆ ಅವಳನ್ನು ಬೈದು ಕಳಿಸುತ್ತೀರಂತೆ. ಆಂಟಿ ಅಂದದ್ದಕ್ಕೆ ಬೈದಿರೋ, ಕೈ ಬಿಡಿ ಅಂದದ್ದಕ್ಕೋ ಆ ಪಾಪದ ಹುಡುಗಿಗೆ ಇನ್ನೂ ತಿಳಿದಿಲ್ಲವಂತೆ. ನನಗೆ ತಿಳಿದಿದೆ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ, ನಿಮಗೆ ಆಗುವುದಿಲ್ಲ. ಇದನ್ನು ಸಿಟ್ಟಿಲ್ಲದೆ ಬರೆಯುತ್ತಿದ್ದೇನೆ. ಇಡೀ ಕಾಗದದಲ್ಲಿ ಸಿಟ್ಟಿಲ್ಲದ ಸಾಲು ಇದೊಂದೇ ಇರಬಹುದು, ಬೇಕಿದ್ದರೆ ಕತ್ತರಿಸಿ ಇಟ್ಟುಕೊಳ್ಳಿ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಪಾಪು ಕ್ಷೇಮ. ಎರಡು ಹಲ್ಲು ಒಟ್ಟಿಗೆ ಬರುತ್ತಿವೆ, ಅದನ್ನು ಬೀದಿಗೆಲ್ಲ ಸಾರುತ್ತಿದ್ದಾನೆ. ನಾನು ಪೂರ್ತಿ ನಿದ್ದೆ ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಹೋದ ವಾರ ಹಾಲಿನ ಪಾತ್ರೆಯನ್ನು ಬಟ್ಟೆ ಬೀರುವಿನಲ್ಲಿಟ್ಟು ಅರ್ಧ ದಿನ ಹುಡುಕಿದೆ. ನಿದ್ದೆಗೆಟ್ಟವಳ ಕಾಗದ, ಅಕ್ಷರ ಡೊಂಕಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಥ ಡೊಂಕಿಲ್ಲ. ನಿಮ್ಮ ಮಗ ಎಂದಿನಂತೆ ಪಿಯಾನೊ ಮುಂದೆ ಕೂತಿದ್ದಾರೆ. ಗುಬ್ಬಿ, ನಿಮ್ಮ ಮೊಮ್ಮಗಳು, ಅಜ್ಜಿ ಯಾವಾಗ ಬರ್ತಾರೆ ಎಂದು ದಿನವೂ ಕೇಳುತ್ತಾಳೆ. ಅವಳಿಗೆ ಮುಂದಿನ ಹಲ್ಲೇ ಇನ್ನೂ ಪೂರ್ತಿ ಬೆಳೆದಿಲ್ಲ. ಎಂಟು ವರ್ಷ, ಅತ್ತೆ. ಈ ಕಾಗದದಲ್ಲಿ ಬೇರೆ ಏನನ್ನು ಮರೆತರೂ ಅದನ್ನು ಮಾತ್ರ ಮರೆಯಬೇಡಿ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನನ್ನ ಮಾತಿಗೆ ಕರ್ತೃ ಬಂದರೆ ಕ್ರಿಯಾಪದ ಬರುವುದರೊಳಗೆ ನೀವು "ಸರಿ, ಅವನಿಗೆ ಕೊಡು" ಎನ್ನುತ್ತೀರಿ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ನೀವು ಹರಿಯುವವರಲ್ಲ, ಪೂರ್ತಿ ಓದಿ ತಪ್ಪು ಹುಡುಕುವವರು. ಹುಡುಕಿ.

ನೀವು ಆಪರೇಷನ್ನಿಗೆಂದು ಮಗಳ ಮನೆಗೆ ಹೋದ ಮರುವಾರ ಒಂದು ಪಾರ್ಸೆಲ್ ಬಂತು. ಮೇಲೆ ನಿಮ್ಮ ಅಕ್ಷರ. ಬಣ್ಣದ ಪೆನ್ಸಿಲ್ಲಿರಬೇಕು ಎಂದುಕೊಂಡೆ. ಒಳಗಿದ್ದದ್ದು ಗುಲಾಬಿ ಸ್ಯಾಟಿನ್ನಿನ, ಮೂತಿ ಗಟ್ಟಿಯಾದ ಪಾಯಿಂಟ್ ಶೂ. ಕಾಲ್ಬೆರಳ ತುದಿಯ ಮೇಲೆ ಇಡೀ ಮೈಯ ಭಾರ ಹೊತ್ತು ನಿಲ್ಲುವ ಶೂ, ನನ್ನ ಅಂಗೈಗಿಂತ ಚೂರು ಉದ್ದ. ಗುಬ್ಬಿ ಕುಣಿದಾಡಲಿಲ್ಲ, ನನ್ನ ಎದೆಗೆ ಮೊದಲು ಬಡಿದದ್ದೇ ಅದು. ಕಾಯುತ್ತಿದ್ದ ಬಸ್ಸು ಅಂತೂ ಬಂತು ಎನ್ನುವವಳ ಹಾಗೆ ನೋಡಿದಳು. ನೆಲದ ಮೇಲೆ ಕೂತು, ಬೆರಳಿಗೆ ಹತ್ತಿ ಸುತ್ತಿ, ಕಾಲು ತೂರಿಸಿ, ರಿಬ್ಬನ್ನನ್ನು ಅಡ್ಡಡ್ಡ ಸುತ್ತಿ, ಗಂಟನ್ನು ಕಾಲಿನ ಗಿಣ್ಣಿನ ಒಳಬದಿಯ ಕುಳಿಯಲ್ಲಿ ಅಡಗಿಸಿ, ತುದಿಯನ್ನು ಬೆರಳಿನಿಂದ ಒಳಗೆ ತುರುಕಿದಳು. ಮೊದಲ ಸಲ ಯಾರೂ ಗಂಟನ್ನು ಅಲ್ಲಿ ಅಡಗಿಸುವುದಿಲ್ಲ. ಮೊದಲ ಸಲ ಎಲ್ಲರೂ ಸ್ಕೂಲ್ ಶೂ ಲೇಸಿನಂತೆ ಮುಂದೆ ಚಿಟ್ಟೆ ಗಂಟು ಹಾಕುತ್ತಾರೆ. ನಾನು ಹಾಕಿದ್ದೆ, ನೀವು ಕತ್ತರಿ ತಂದು ಅದನ್ನು ಕತ್ತರಿಸಿದ್ದಿರಿ.

"ಯಾರು ಹೇಳ್ಕೊಟ್ಟಿದ್ದು ಇದನ್ನ?" ಅಂದೆ. "ಅಜ್ಜಿ. ನೀನು ಮಲ್ಗಿರ್ತೀಯಲ್ಲ, ಆಗ" ಅಂದಳು. ಬೆಳಗ್ಗೆ ಪಾಪು ಹಾಲು ಕುಡಿದು ಕಣ್ಣು ಮುಚ್ಚಿದ ಮೇಲೆ ನನಗೆ ಸಿಗುತ್ತಿದ್ದ ಆ ಚೂರು ನಿದ್ದೆ! "ನೀನು ಮಲ್ಕೊಳ್ಳಮ್ಮ, ಹುಡುಗೀನ ನಾನು ನೋಡ್ಕೋತೀನಿ" ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದಿರಿ. ನನ್ನ ಗೆಳತಿಯರಿಗೆಲ್ಲ ಫೋನ್ ಮಾಡಿ, ನನ್ನ ಅತ್ತೆಯಂಥವರು ನಿಮಗ್ಯಾರಿಗೂ ಸಿಕ್ಕಿಲ್ಲ ಎಂದು ಕೊಚ್ಚಿಕೊಂಡಿದ್ದೆ. ಆ ಕೃತಜ್ಞತೆಯನ್ನೆಲ್ಲ ಈ ಕಾಗದದ ಮೂಲಕ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಆಮೇಲೆ ಅವಳು ಎದ್ದು, ಈ ಕೋಣೆಯ ಗೋಡೆಯುದ್ದಕ್ಕೂ ನೀವು ಹಾಕಿಸಿದ್ದ ಸೊಂಟದೆತ್ತರದ ಮರದ ಕಂಬಿಯ ಬಳಿಗೆ ಹೋದಳು. ಎರಡು ಕೈಯಲ್ಲಿ ಹಿಡಿದು ತುದಿಯ ಮೇಲೆ ಎದ್ದು ನಿಂತಳು. ಚೆನ್ನಾಗಿತ್ತು, ಇಲ್ಲ ಎನ್ನುವುದಿಲ್ಲ. ಕತ್ತು, ಬೆನ್ನು, ಪಾದದ ಕಮಾನು, ಎಲ್ಲ ನಿಮ್ಮದೇ. ನನ್ನ ಮೈ ಜುಮ್ಮೆಂದಿತು, ಅದಕ್ಕಾಗಿ ನನ್ನ ಮೇಲೂ ಸಿಟ್ಟು ಬಂತು. ಅಷ್ಟರಲ್ಲಿ ಅವಳ ಕೈ ನೋಡಿದೆ. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. "ಕೈ ಬಿಡು ಪುಟ್ಟಾ" ಅಂದೆ. "ಬಿಟ್ರೆ ಬೀಳ್ತೀನಲ್ಲ!" ಅಂದಳು, ಇಷ್ಟೂ ಗೊತ್ತಿಲ್ಲವೇ ನಿನಗೆ ಎನ್ನುವ ದನಿಯಲ್ಲಿ. ಅವಳು ನಿಂತಿರಲಿಲ್ಲ ಅತ್ತೆ, ನೇತಾಡುತ್ತಿದ್ದಳು. ಮರುದಿನವೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪಾದದ ಮೂಳೆಗಳ ತುದಿ ಇನ್ನೂ ಎಳಸು, ಅದೃಷ್ಟಕ್ಕೆ ಸದ್ಯ ಏನೂ ಆಗಿಲ್ಲ, ಇನ್ನು ಕೆಲವು ವರ್ಷ ಆ ಶೂ ಕಣ್ಣಿಗೂ ಬೀಳಬಾರದು ಎಂದರು. ನಿಮ್ಮ ಮಗ ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದು ಆಟೋ ಹತ್ತುವಾಗ "ಅಮ್ಮಂಗೆ ಇದೆಲ್ಲ ಗೊತ್ತಿರಲ್ವಾ?" ಅಂದರು. ಇದು ನಿಮ್ಮ ಮಗನ ಪ್ರಶ್ನೆಯಲ್ಲ, ಉತ್ತರ. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಇನ್ನು ಕಂಬಿಯ ವಿಷಯ. ಅದನ್ನು ನಾನು ಕಿತ್ತೆ ಎಂದು ನೀವು ನಾದಿನಿಗೆ, ನಾದಿನಿಯ ಅತ್ತೆಗೆ, ಬಹುಶಃ ಆಸ್ಪತ್ರೆಯ ನರ್ಸಿಗೂ ಹೇಳಿದ್ದೀರಿ. ನಡೆದದ್ದು ಇಷ್ಟು. ದೊಡ್ಡ ಹುಡುಗಿಯರ ಕ್ಲಾಸು. ಎಲ್ಲರೂ ಸಾಲಾಗಿ ಕಂಬಿ ಹಿಡಿದು ತುದಿಯ ಮೇಲೆ ಏಳುತ್ತಿದ್ದರು. ನಾನು ತಾಳ ಹೇಳುತ್ತಿದ್ದೆ. ಕಿಟಕಿಯ ಕಡೆಯ ಕೊಂಡಿ ಲಟಕ್ಕೆಂದಿತು, ಒಂದು ಹಿಡಿ ಗಾರೆಯ ಸಮೇತ ಗೋಡೆಯಿಂದ ಹೊರಬಂತು, ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಯವಳು ನೆಲದ ಮೇಲೆ ಕೂತೇ ಕಂಬಿಯನ್ನು ತಬ್ಬಿಕೊಂಡಿದ್ದಳು, ರಶ್ಶಿನಲ್ಲಿ ಸೀಟು ಹಿಡಿದವಳ ಹಾಗೆ. ಒಬ್ಬಳ ಮೊಣಕೈ ತರಚಿತು, ಉಳಿದವರು ನಕ್ಕರು. ನಿಮ್ಮ ಮಗ ಇನ್ನೆರಡು ಸಾಲು ನುಡಿಸಿಯೇ ನಿಲ್ಲಿಸಿದರು. ಯಾಕೆ ಎಂದು ಕೇಳಿದರೆ, "ನಿಲ್ಸು ಅಂತ ಯಾರೂ ಹೇಳ್ಲಿಲ್ವಲ್ಲ" ಎಂದರು.

ಆ ಸಂಜೆ ನಿಮ್ಮ ಫೋನು. "ಇಷ್ಟು ವರ್ಷ ನಿಂತಿದ್ದ ಕಂಬಿ. ಇವಳ ಕೈಗೆ ಕೊಟ್ಟು ತಿಂಗಳಾಗ್ಲಿಲ್ಲ, ಗೋಡೆನೇ ಬಿಚ್ಚಿಟ್ಳು" ಅಂದಿರಿ. ಸರಿಯಾಗಿ ನಿಂತವಳ ಕೈ ಕಂಬಿಯ ಮೇಲೆ ನೊಣ ಕೂತಷ್ಟೇ ಭಾರ ಇರಬೇಕು ಎಂದು ನಮಗೆ ಹೇಳಿದವರು ಯಾರು? ನೀವು. ನೊಣಗಳು ಗೋಡೆಯ ಗಾರೆ ಕಿತ್ತದ್ದನ್ನು ನಾನು ಎಲ್ಲೂ ಕೇಳಿಲ್ಲ. ಇಷ್ಟು ವರ್ಷ ನಿಮ್ಮ ಹುಡುಗಿಯರು ಆ ಕಂಬಿಗೆ ಜೋತುಬಿದ್ದು ಎಳೆದದ್ದನ್ನು ಗೋಡೆ ತಡೆದುಕೊಂಡಿತ್ತು; ಮೊನ್ನೆ ಸಾಕಾಯಿತು ಎಂದಿತು. ಗೋಡೆಗೆ ನನಗಿಂತ ಹೆಚ್ಚು ತಾಳ್ಮೆ, ಒಪ್ಪುತ್ತೇನೆ.

ಬಡಗಿ ಬಂದ. ಕಬ್ಬಿಣದ್ದೇ ಹಾಕಿಬಿಡುತ್ತೇನೆ, ಆನೆ ಕಟ್ಟಿದರೂ ಅಲ್ಲಾಡದು ಎಂದ. ತೂತಿಗೆ ಸಿಮೆಂಟು ತುಂಬಿ ಬಣ್ಣ ಹೊಡೆದು ಹೋಗಪ್ಪಾ, ಕಂಬಿ ಬೇಡ ಎಂದೆ. ಈಗ ಆ ಗೋಡೆ ಬೋಳು. ಕ್ಲಾಸುಗಳೆಲ್ಲ ಕೋಣೆಯ ನಟ್ಟನಡುವೆ. ಪಾಯಿಂಟ್ ಶೂ ಹಾಕಿದ್ದ ಹುಡುಗಿಯರನ್ನೆಲ್ಲ ಮತ್ತೆ ಮೆತ್ತನೆ ಶೂಗೆ ಇಳಿಸಿದ್ದೇನೆ. ವಯಸ್ಸೂ ಆಗಿರಬೇಕು, ಯಾವುದನ್ನೂ ಹಿಡಿಯದೆ ನಡುವೆ ನಿಲ್ಲಲೂ ಬರಬೇಕು, ಆಮೇಲೆಯೇ ರಿಬ್ಬನ್. ಇದು ನನ್ನ ನಿಯಮ. ಬೇಕರಿಯವಳು ಬಂದು ಮೆಟ್ಟಿಲ ಮೇಲೇ ಜಗಳ ತೆಗೆದಳು. "ನನ್ನ ಮಗಳು ಹೋದ ವರ್ಷಾನೇ ತುದಿ ಮೇಲೆ ನಿಂತಿದ್ದಾಳೆ. ಈಗ ಅವಳನ್ನ ಕೊಕ್ಕರೆ ಥರ ಒಂಟಿಕಾಲಲ್ಲಿ ನಿಲ್ಸಿದ್ದೀರಲ್ಲ. ಗೋಡೆ ರಿಪೇರಿ ಮಾಡ್ಸೋಕಾಗ್ದೆ ಇದನ್ನ ಹೊಸ ಪದ್ಧತಿ ಅಂತೀರಾ?" ಅವಳ ಕೈಯಲ್ಲಿ ಬ್ರೆಡ್ಡಿನ ಟ್ರೇ ಇತ್ತು, ಇಲ್ಲದಿದ್ದರೆ ಹೊಡೆದೇ ಬಿಡುತ್ತಿದ್ದಳೋ ಏನೋ. ಅಷ್ಟು ಹೊತ್ತೂ ಒಂದು ಕಾಲನ್ನು ಕೆಳಗಿನ ಮೆಟ್ಟಿಲ ಮೇಲೆ, ಇನ್ನೊಂದನ್ನು ಮೇಲಿನ ಮೆಟ್ಟಿಲ ಮೇಲೆ ಇಟ್ಟು, ಟ್ರೇಯ ಒಂದು ಬನ್ನೂ ಅಲ್ಲಾಡದಂತೆ ನಿಂತಿದ್ದಳು. ಮಗಳಿಗಿಂತ ಚೆನ್ನಾಗಿ ನಿಲ್ಲುತ್ತೀರಿ ಎನ್ನಬೇಕೆನಿಸಿತು.

ಅವಳೇ ನಿಮಗೆ ಫೋನ್ ಮಾಡಿದ್ದು ಎಂದು ಗೊತ್ತು. ಯಾಕೆಂದರೆ ಆ ದಿನವೇ ನೀವು ನಿಮ್ಮ ಮಗನಿಗೆ ಫೋನ್ ಮಾಡಿ, ಸ್ಪೀಕರ್ ಹಾಕು ಅಂದಿರಿ. ತಿಂಗಳ ಕೊನೆಯ ಶನಿವಾರ ಶಾಲೆಯ ವಾರ್ಷಿಕ ಪ್ರದರ್ಶನ, ದೀಪ ಹಚ್ಚುವವಳ ಪಾತ್ರ ಗುಬ್ಬಿಯದೇ, ತುದಿಯ ಮೇಲೆಯೇ ನಿಲ್ಲುತ್ತಾಳೆ, ಪೋಸ್ಟರ್ ಆಗಿದೆ, ಮಾತು ಮುಗಿಯಿತು ಅಂದಿರಿ. ನಾನು ಮೂಳೆಯ ಮಾತು ತೆಗೆದೆ. "ಕಾಲೇಜು ಓದಿದೋರ ಕಾಲು ತಲೇಲಿರುತ್ತೆ" ಅಂದಿರಿ. ನಾನು ಕಂಬಿಯ ಮಾತು ತೆಗೆದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಅಂದಿರಿ. ಆಮೇಲೆ, ಗುಬ್ಬಿ ಬಾಗಿಲಲ್ಲಿ ನಿಂತು ಕೇಳುತ್ತಿರುವಾಗಲೇ: "ಎರಡು ಹೆತ್ತು ನಡು ಸಡಿಲ ಮಾಡ್ಕೊಂಡೋಳು ನೀನು. ಮೊದ್ಲು ನೀನು ಆ ಶನಿವಾರ ಎಲ್ರೆದುರು ಕಂಬಿ ಬಿಟ್ಟು ಆ ಪಾತ್ರದಲ್ಲಿ ನಿಂತು ತೋರ್ಸು. ನಿಂತ್ರೆ ಶಾಲೆ ನಿನ್ನ ಮಾತಿನಂತೆ ನಡೀಲಿ, ನಾನು ಚಕಾರ ಎತ್ತಲ್ಲ. ಬಿದ್ರೆ ಕಂಬೀನೂ ವಾಪಸ್, ಮಗೂಗೆ ಶೂನೂ ವಾಪಸ್." ನಾನು "ಆಗ್ಲಿ" ಅಂದೆ.

ಮಗಳ ಕಾಲನ್ನು ಪಣಕ್ಕಿಟ್ಟ ತಾಯಿ ಎಂದು ಈಗ ನೀವೇ ಊರಿಗೆ ಹೇಳುತ್ತೀರಿ. ಬಿದ್ದರೂ ನಾನು ಬಿಡುವವಳಲ್ಲ, ಅದು ಗೊತ್ತಿರಲಿ. ಆದರೆ ಮನೆ ನಿಮ್ಮದು, ಶಾಲೆ ನಿಮ್ಮದು, ಮಗ ನಿಮ್ಮವರು. ಎಲ್ಲರೆದುರು ಬಿದ್ದವಳ ಮಾತನ್ನು ಆಮೇಲೆ ಯಾರು ಕೇಳುತ್ತಾರೆ? ನಿಮ್ಮ ಮಗನ ನಿಲುವು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. "ನೀನು ನಿಂತ್ರೆ ಅಮ್ಮನ ಎದುರಿಗೇ ನಿನ್ನ ಪರ ಮಾತಾಡ್ತೀನಿ. ಬಿದ್ರೆ ನಾನು ಏನಂತ ಮಾತಾಡ್ಲಿ ಹೇಳು?" ಎನ್ನುತ್ತಾರೆ. ಒಳ್ಳೆಯವರು, ಪಾಪುವಿನ ಬಟ್ಟೆ ಒಗೆಯುತ್ತಾರೆ, ನನ್ನ ಕಾಲು ಒತ್ತುತ್ತಾರೆ. ಆದರೆ ಹುಟ್ಟಿದಾಗಿನಿಂದ ನೀವು ತಲೆ ಆಡಿಸಿದಾಗ ನುಡಿಸಿ, ಕೈ ಎತ್ತಿದಾಗ ನಿಲ್ಲಿಸಿದವರು; ಅವರಾಗಿ ಒಂದು ರಾಗ ಶುರು ಮಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ.

ಹಾಗಾಗಿ ದಿನವೂ ಮಧ್ಯಾಹ್ನ ಪಾಪು ಮಲಗಿದ ಹೊತ್ತಿನಲ್ಲಿ ನಾನು ಈ ಕೋಣೆಯ ನಡುವೆ ನಿಲ್ಲುತ್ತೇನೆ. ನಡು ಸಡಿಲವಾಗಿದೆ ಅಂದಿರಲ್ಲ, ನಿಜ. ಮೊದಲ ದಿನ ಬರಿಗಾಲಿನಲ್ಲಿ ಒಂಟಿಕಾಲ ಮೇಲೆ ನಿಂತು ಹಲ್ಲುಜ್ಜಲು ಹೋಗಿ ಬಕೆಟ್ಟಿನೊಳಗೆ ಕಾಲಿಟ್ಟೆ. ಪಾಪು ಒಳಗಿದ್ದಷ್ಟು ದಿನ ಮೈ ಅವನಿಗಾಗಿ ಎಲ್ಲವನ್ನೂ ಬಿಚ್ಚಿಟ್ಟಿತ್ತು, ಹೊಟ್ಟೆಯ ಸ್ನಾಯು, ಸೊಂಟದ ಕೀಲು, ಎಲ್ಲ; ಅವನು ಹೊರಬಂದ ಮೇಲೆ ಅದನ್ನೆಲ್ಲ ಕಟ್ಟಿಡಲು ಮರೆತಿದೆ. ಅದನ್ನು ಒಂದೊಂದಾಗಿ ನಾನೇ ಕಟ್ಟುತ್ತಿದ್ದೇನೆ. ಮೊದಲು ಪಾದ. ಪಾಪುವಿನ ಒರೆಸುವ ಬಟ್ಟೆಯನ್ನು ನೆಲದ ಮೇಲೆ ಹಾಸಿ ಕಾಲ್ಬೆರಳಲ್ಲೇ ಮುದುರಿ ಮುದುರಿ ಹತ್ತಿರ ಎಳೆದುಕೊಳ್ಳುವುದು. ಬೆರಳು ಮಡಚಿದರೆ ಮೋಸ, ಪಾದದ ಅಡಿ ಕೆಲಸ ಮಾಡಬೇಕು. ಆಮೇಲೆ ಒಂಟಿಕಾಲು, ಆಮೇಲೆ ಕಣ್ಣು ಮುಚ್ಚಿ ಒಂಟಿಕಾಲು, ಆಮೇಲೆ ಮಡಚಿದ ಕಂಬಳಿಯ ಮೇಲೆ. ಕಣ್ಣು ಮುಚ್ಚಿದರೆ ಗೊತ್ತಾಗುತ್ತದೆ ಅತ್ತೆ, ಪಾದ ಒಂದು ಕ್ಷಣವೂ ಸುಮ್ಮನಿರುವುದಿಲ್ಲ; ಒಳಗೊಳಗೇ ಹೊಂದಿಸಿಕೊಳ್ಳುತ್ತಲೇ ಇರುತ್ತದೆ. ನಿಂತಿರುವುದೆಂದರೆ ಅಲ್ಲಾಡದೆ ಇರುವುದಲ್ಲ. ಬೀಳುವುದನ್ನು ಬೀಳುವ ಮುಂಚೆಯೇ ತಿದ್ದುತ್ತಿರುವುದು. ಕಂಬಿ ಹಿಡಿದವಳ ಪಾದಕ್ಕೆ ಈ ಕೆಲಸವೇ ಇಲ್ಲ, ಕೈ ಮಾಡಿಬಿಡುತ್ತದೆ.

ಆಮೇಲೆ ಏಳುವುದು ಮತ್ತು ಇಳಿಯುವುದು. ಏಳುವುದಕ್ಕೆ ಒಂದು ನೂಕು ಸಾಕು, ಗುಟ್ಟಿರುವುದು ಇಳಿಯುವುದರಲ್ಲಿ. ಹಿಮ್ಮಡಿಯನ್ನು ನೆಲಕ್ಕೆ ತರುವಾಗ ತೊಟ್ಟಿಲಿಗೆ ಮಲಗಿದ ಮಗುವನ್ನು ಇಳಿಸುವಷ್ಟು ನಿಧಾನ ಬೇಕು. ಇದೊಂದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಬರಿಗಾಲಿನಲ್ಲಿ ಅದು ಬಂದ ಮೇಲೆಯೇ ನನ್ನ ಹಳೆಯ ಪಾಯಿಂಟ್ ಶೂ ಹೊರತೆಗೆದೆ. ಎರಡು ಕಾಲಿನ ಮೇಲೆ ಎದ್ದೆ, ಬಿದ್ದೆ, ಎದ್ದೆ. ತೋಳುಗಳು ಮುಳುಗುವವಳ ಹಾಗೆ ಗಾಳಿ ಹುಡುಕುತ್ತಿದ್ದವು. ಈಗ ಅವುಗಳಿಗೆ ನಾಚಿಕೆ ಬಂದಿದೆ, ಇಟ್ಟಲ್ಲಿ ಇರುತ್ತವೆ. ಬಲಗಾಲಿನ ಮೇಲೆ, ಇನ್ನೊಂದು ಪಾದವನ್ನು ಮೊಣಕಾಲಿಗೆ ತಂದು, ಎಲ್ಲೂ ಏನನ್ನೂ ಹಿಡಿಯದೆ ನಿಲ್ಲುತ್ತೇನೆ. ಮೊನ್ನೆ ಹಾಗೆ ನಿಂತಾಗ ನಿಮ್ಮ ಮಗ ನುಡಿಸುತ್ತಿದ್ದವರು ತಾವಾಗಿಯೇ ಒಂದು ಸ್ವರವನ್ನು ಉದ್ದಕ್ಕೆ ಹಿಡಿದರು, ನಾನು ಇಳಿಯುವವರೆಗೆ. ಯಾರೂ ಹೇಳಿರಲಿಲ್ಲ. ನಿಮಗೆ ಇದು ಹಿಡಿಸುವುದಿಲ್ಲವೆಂದೇ ಬರೆದೆ.

ಬಿದ್ದಾಗೆಲ್ಲ ನೋಡಲು ಒಬ್ಬಳಿದ್ದಾಳೆ. ಶೂ ಬಚ್ಚಿಟ್ಟ ಅಮ್ಮನ ಜೊತೆ ಗುಬ್ಬಿ ಟೂ ಬಿಟ್ಟಿದ್ದಾಳೆ; ಏನಾದರೂ ಬೇಕಾದರೆ ತಮ್ಮನಿಗೆ ಹೇಳುತ್ತಾಳೆ, "ಪಾಪು, ಅಮ್ಮಂಗೆ ಹೇಳು, ನಂಗೆ ಹಸಿವು." ಆದರೂ ಬಂದು ಪಿಯಾನೊ ಕೆಳಗೆ ಮೊಣಕಾಲು ತಬ್ಬಿ ಕೂತು ನೋಡುತ್ತಾಳೆ. ನಾನು ಬಿದ್ದರೆ ನಗುವುದಿಲ್ಲ. ಮೊದಮೊದಲು ನಗುತ್ತಿದ್ದಳು. ನಿನ್ನೆ ಟೂ ಮರೆತು ನೇರವಾಗಿ ಕೇಳಿದಳು: "ಅಮ್ಮ, ನೀನು ಬಿದ್ರೆ ನಂಗೆ ಶೂ ಕೊಡ್ತಾರಲ್ಲ?" ಹೌದಂತೆ ಅಂದೆ. ಬಹಳ ಹೊತ್ತು ಲೆಕ್ಕ ಹಾಕಿದಳು. "ಮತ್ತೆ ನೀನು ಬೀಳ್ಲಿ ಅಂತ ನಾನು ಅಂದ್ಕೊಂಡ್ರೆ ಪಾಪ ಬರುತ್ತಾ?" ಅಂದಳು. ನಿಮ್ಮ ಪಾರ್ಸೆಲ್ಲಿನಲ್ಲಿ ಇದೂ ಇತ್ತು ಅತ್ತೆ. ಎಂಟು ವರ್ಷದವಳಿಗೆ ಅಮ್ಮ ಬೀಳಲಿ ಎನ್ನುವ ಆಸೆಯನ್ನು ರಿಬ್ಬನ್ ಕಟ್ಟಿ ಕಳಿಸಿದಿರಿ. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಕ್ಷಮಿಸುತ್ತೇನೆ ಎಂದು ನಿದ್ದೆಗಣ್ಣಿನಲ್ಲಿ ಯಾವತ್ತಾದರೂ ಹೇಳಿದರೆ ನಂಬಬೇಡಿ.

ನನಗೆ ಅರ್ಥವಾಗದ್ದು ಒಂದೇ. ನಿಮ್ಮ ಪ್ರತಿ ಪ್ರದರ್ಶನದಲ್ಲೂ ರಂಗದ ಮೇಲೆ ಏನಾದರೊಂದು ಇರುತ್ತದೆ: ಒಂದು ಬೇಲಿ, ಒಂದು ಕುರ್ಚಿ, ಒಂದು ಕಿಟಕಿ ಚೌಕಟ್ಟು. ಈ ಸಲ ದೀಪದ ಕಂಬ. ನೋಡಿದವರೆಲ್ಲ ಏನು ಕಲ್ಪನೆ, ಏನು ಅಲಂಕಾರ ಎನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಅವೆಲ್ಲ ಊರುಗೋಲು. ಎಲ್ಲ ಹುಡುಗಿಯರಿಗೂ ಸರಿಯಾದ ಕ್ಷಣದಲ್ಲಿ ಹಿಡಿಯಲು ಏನಾದರೊಂದು ಸಿಗುವ ಹಾಗೆ ನೀವು ನೃತ್ಯವನ್ನೇ ಹೊಲಿದಿದ್ದೀರಿ. ಬೀಳದ ಮಕ್ಕಳನ್ನು ತೋರಿಸುವುದು ಸುಲಭ, ನಿಲ್ಲುವ ಮಕ್ಕಳನ್ನು ಮಾಡುವುದು ನಿಧಾನ. ನಿಮಗೆ ನಿಧಾನಕ್ಕೆ ಪುರುಸೊತ್ತಿರಲಿಲ್ಲ. ಆದರೆ ನಿಮಗೆ ಗೊತ್ತಿರಲಿಲ್ಲ ಎಂದು ನಾನು ಹೇಗೆ ನಂಬಲಿ? ಮೆಟ್ಟಿಲಿನ ಪಕ್ಕ ನಿಮ್ಮ ಫೋಟೊ ಇದೆ. ಇದೇ ದೀಪ ಹಚ್ಚುವವಳು, ಇದೇ ನಿಲುವು. ನಿಮಗೆ ಆಗ ನನ್ನದೇ ವಯಸ್ಸು. ನಿಮ್ಮ ಮಗ ಹುಟ್ಟಿ ವರ್ಷವೂ ಆಗಿರಲಿಲ್ಲವಂತೆ. ಸುತ್ತ ಏನೂ ಇಲ್ಲ. ಕಂಬವಿಲ್ಲ, ಕುರ್ಚಿಯಿಲ್ಲ, ಬರೀ ಹಲಗೆಯ ನೆಲ. ನೀವು ಎಡಗಾಲಿನ ತುದಿಯ ಮೇಲೆ, ಕೈ ಮೇಲಕ್ಕೆತ್ತಿ, ಇಲ್ಲದ ದೀಪವನ್ನು ನೋಡುತ್ತಿದ್ದೀರಿ. ದಿನಕ್ಕೆ ಎಷ್ಟೋ ಸಲ ಪಾಪುವನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುತ್ತೇನೆ, ಪ್ರತಿ ಸಲವೂ ನಿಮ್ಮನ್ನು ಬೈಯುತ್ತೇನೆ. ಅಷ್ಟು ಚೆನ್ನಾಗಿ ನಿಂತವರಿಗೆ ನಮಗೆಲ್ಲ ಕಂಬಿ ಕೊಡಲು ಮನಸ್ಸು ಹೇಗೆ ಬಂತು?

ಇಷ್ಟೇ. ಪ್ರದರ್ಶನದ ಶನಿವಾರ ನಾದಿನಿ ನಿಮ್ಮನ್ನು ಕಾರಿನಲ್ಲಿ ಕರೆತರುತ್ತಾಳೆ ಎಂದು ಕೇಳಿದೆ. ಮುಂದಿನ ಸಾಲಿನಲ್ಲಿ, ಕಾಲು ಚಾಚಲು ಜಾಗವಿರುವ ಕುರ್ಚಿಯನ್ನೇ ಇಡಿಸುತ್ತೇನೆ. ತೆರೆಯ ಹಿಂದಕ್ಕೆ ಬರಬೇಡಿ; ಗುಬ್ಬಿಯ ತಲೆ ನಾನು ಬಾಚುತ್ತೇನೆ, ಅವಳು ಮೆತ್ತನೆ ಶೂನಲ್ಲಿ ಚಿಕ್ಕ ಮಕ್ಕಳ ಸಾಲಿನಲ್ಲಿರುತ್ತಾಳೆ. ದೀಪದ ಕಂಬವನ್ನು ರಂಗದಿಂದ ತೆಗೆಸಿದ್ದೇನೆ. ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪುಗಳು. ಕಾಲಿಗೆ ಐಸ್ ಇಡುವುದನ್ನು ತಪ್ಪಿಸಬೇಡಿ. ಬೇಗ ಗುಣವಾಗಿ, ನನ್ನ ಜೊತೆ ಎದ್ದು ನಿಂತು ಜಗಳವಾಡುವಷ್ಟು ಗಟ್ಟಿಯಾಗಿ.

ಇತಿ,
ನಿಮ್ಮ ಮೊಮ್ಮಗಳ ತಾಯಿ

ಮರೆತ ಮಾತು: ಪಾಪು ಎದ್ದ, ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಬಲಗಾಲಿನ ಮೇಲೆ ನಿಲ್ಲುತ್ತೇನೆ ಎಂದದ್ದು ನಿಜ. ಆದರೆ ದೀಪ ಹಚ್ಚುವವಳ ನಿಲುವು ಎಡಗಾಲಿನದು, ಮತ್ತು ಎಡಗಾಲಿನ ಮೇಲೆ ನಾನು ಇಂದಿನವರೆಗೆ ಒಂದು ಸಲವೂ ನಿಂತಿಲ್ಲ. ಪಾದ ಸರಿಯಿದೆ, ಮೊಣಕಾಲು ಸರಿಯಿದೆ. ಕೈ ಮೇಲೇಳುತ್ತಿದ್ದಂತೆ ಪಕ್ಕೆಲುಬು ತೆರೆದುಕೊಂಡು ಮೈ ಹಿಂದಕ್ಕೆ ಹೋಗುತ್ತದೆ, ಪ್ರತಿ ಸಲವೂ ಅಲ್ಲೇ, ಮಗು ಹೆತ್ತ ಈ ಸಡಿಲ ನಡುವಿನಲ್ಲೇ. ಹೆತ್ತ ಮೈಯಲ್ಲಿ ಅದನ್ನು ಮಾಡಿದವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ಕೈ ಎತ್ತುವಾಗ ನೀವು ಉಸಿರು ಎಳೆದುಕೊಂಡಿರೋ, ಬಿಟ್ಟಿರೋ? ನಾನು ಗೆಲ್ಲಬಾರದು ಎಂದಿರುವವರನ್ನೇ ಕೇಳುತ್ತಿದ್ದೇನೆ, ಗೊತ್ತು. ಆದರೆ ಕೇಳಿದವರಿಗೆ ನೀವು ಬೇಕೆಂದೇ ತಪ್ಪಾಗಿ ತಿದ್ದಿದ್ದನ್ನು ನಾನು ಕಂಡಿಲ್ಲ. ಫೋನ್ ಮಾಡಬೇಡಿ, ದನಿ ಕೇಳಿದರೆ ಮತ್ತೆ ಜಗಳವಾಗುತ್ತದೆ. ಒಂದು ಕಾರ್ಡಿನಲ್ಲಿ ಎಳೆದೆ ಅಥವಾ ಬಿಟ್ಟೆ ಎಂದಷ್ಟೇ ಬರೆದು, ಈ ಕಾಗದ ತಲುಪಿದ ದಿನದ ಅಂಚೆಗೇ ಹಾಕಿಸಿ. ಹೇಗಿದ್ದೀಯ ಎಂದು ಕೇಳಬೇಡಿ.